ನಿಘಂಟಿನ ಹಿಂದಿದ್ದ ಪಾದ್ರಿ

ಕಿಟೆಲ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ನಿಘಂಟು. ಧಾರವಾಡದ ಕಡೆಯವರಿಗೆ ಕಿಟೆಲ್ ಕಾಲೇಜು, ಬೆಂಗಳೂರಿನವರಿಗೆ ಮೇಯೋ ಹಾಲ್ ಹತ್ತಿರದ ಪ್ರತಿಮೆ. ಅವರ ಹೆಸರಿಗೆ ಮುಂಚೆ ಬರೋ ‘ರೆವರೆಂಡ್’ ಅನ್ನೋ ಪದವನ್ನು ಮಾತ್ರ ನಾವು ಗಮನಿಸೋದು ಕಡಿಮೆ. ಅವರು ಈ ನಾಡಿಗೆ ಬಂದಿದ್ದೇ ಕ್ರೈಸ್ತ ಸೇವೆಗೆ.

ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಉತ್ತರ ಜರ್ಮನಿಯ ಒಂದು ಪುಟ್ಟ ಊರಲ್ಲಿ. ತಂದೆಯೂ ಪಾದ್ರಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನಲ್ಲಿ ತರಬೇತಿ ಮುಗಿಸಿ 1853ರಲ್ಲಿ ಮಂಗಳೂರಿಗೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಹೆಚ್ಚು ಕಡಿಮೆ ನಮ್ಮ ಫೈನಲ್ ಇಯರ್ ವಯಸ್ಸು! ಮುಂದೆ ಹುಬ್ಬಳ್ಳಿ, ಧಾರವಾಡ, ಮಡಿಕೇರಿಗಳಲ್ಲೂ ಕೆಲಸ ಮಾಡಿದರು.

ಇಂಥವರನ್ನು ಕಳಿಸುತ್ತಿದ್ದ ಹಣ ಎಲ್ಲಿಂದ ಬರ್ತಿತ್ತು? ಬರೀ ಶ್ರೀಮಂತರಿಂದಲ್ಲ. 1855ರಲ್ಲಿ ಬಾಸೆಲ್ ಮಿಷನ್ ‘ಅರ್ಧ ಬಾಟ್ಸನ್’ ಅನ್ನೋ ಸಂಗ್ರಹ ಶುರು ಮಾಡಿತು. ಬಾಟ್ಸನ್ ಅಂದ್ರೆ ಅಲ್ಲಿನ ಒಂದು ಚಿಲ್ಲರೆ ನಾಣ್ಯ. ವಾರಕ್ಕೆ ಅದರ ಅರ್ಧದಷ್ಟು ಕಾಸು ಕೊಡೋದು ಬಡವರಿಗೂ ಆಗ್ತಿತ್ತು. ದೂರದಲ್ಲಿ ದುಡಿಯುವವರಿಗಾಗಿ ಸಭೆಗಳಲ್ಲಿ ಪ್ರಾರ್ಥನೆಯೂ ನಡೀತಿತ್ತು.

ಆದರೆ ಇಲ್ಲಿ ಕಿಟೆಲ್ ಅವರ ದಾರಿ ಸಲೀಸಾಗಿರಲಿಲ್ಲ. ಮದುವೆಯಾಗಿ ನಾಲ್ಕೇ ವರ್ಷಕ್ಕೆ, 1864ರಲ್ಲಿ, ಪತ್ನಿ ಪೌಲೀನೆ ತೀರಿಕೊಂಡರು. ಜೊತೆಗೆ ಮಿಷನ್ ಒಳಗಿನ ಕೆಲವರಿಗೆ ಅವರ ಕನ್ನಡದ ಹುಚ್ಚು ಹಿಡಿಸಲಿಲ್ಲ. ಧರ್ಮ ಸಾರೋಕೆ ಬಂದವರು ಹಳಗನ್ನಡ ಓದ್ತಾ ಕೂತರೆ ಹೇಗೆ ಅನ್ನೋ ಅಸಮಾಧಾನ. ಕಿಟೆಲ್ ಅವರಿಗೆ ಎರಡೂ ಬೇರೆ ಬೇರೆ ಆಗಿರಲಿಲ್ಲ. ಜನರ ಮಾತನ್ನು ಒಳಗಿನಿಂದ ಅರಿಯದೆ ಅವರ ಮನಸ್ಸಿಗೆ ಏನನ್ನೂ ಮುಟ್ಟಿಸೋಕಾಗಲ್ಲ ಅಂತ ನಂಬಿದ್ದರು. 1862ರಲ್ಲಿ ಬಂದ ಅವರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆ ಕನ್ನಡ ಪದ್ಯವಾಗಿಯೇ ಇದೆ.

ಆಮೇಲೆ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಅವರ ಸಂಪಾದನೆಯಲ್ಲಿ ಅಚ್ಚಾದವು. ಇದರ ನಡುವೆಯೇ ನಿಘಂಟಿನ ಕೆಲಸ. ಹಳೆಯ ಕಾವ್ಯ, ಗಾದೆ, ಆಡುಮಾತು ಎಲ್ಲವನ್ನೂ ಜಾಲಾಡಿ, ಕನ್ನಡ ಪಂಡಿತರನ್ನು ಕೇಳಿ, ಪದದ ಅರ್ಥವನ್ನು ಬಳಕೆಯ ಸಮೇತ ಬರೆದರು. ತಮಿಳು, ತೆಲುಗು, ಮಲಯಾಳಂ, ತುಳುವಿನ ಸಂಬಂಧಿ ಪದಗಳನ್ನೂ ತೋರಿಸಿದರು. ಸರ್ಚ್ ಬಟನ್ ಇಲ್ಲ, ಸಾರ್ಟ್ ಮಾಡೋ ಸಾಫ್ಟ್‌ವೇರ್ ಇಲ್ಲ. ಎಲ್ಲವೂ ಕೈಬರಹ! 1892ರಲ್ಲಿ ಅವರು ಜರ್ಮನಿಗೆ ಮರಳಿದ ಮೇಲೂ ಕೆಲಸ ನಿಲ್ಲಲಿಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಿಂದ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತು. ಆಗ ವಯಸ್ಸು ಅರವತ್ತು ದಾಟಿತ್ತು. 1903ರಲ್ಲಿ ಕನ್ನಡ ವ್ಯಾಕರಣದ ಪುಸ್ತಕ ಪ್ರಕಟವಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಟ್ಯೂಬಿಂಗನ್‌ನಲ್ಲೇ ಕಣ್ಣು ಮುಚ್ಚಿದರು.

ಪ್ರತಿಮೆಗೆ ಹಾರ ಹಾಕೋದು ಸುಲಭ. ಕಿಟೆಲ್ ಅವರಿಗೆ ಅದಕ್ಕಿಂತ ಹೆಚ್ಚಾಗಿ ಬೇಕಿದ್ದದ್ದು ಅವರು ದುಡಿಯುತ್ತಿದ್ದ ವರ್ಷಗಳಲ್ಲಿ, ಹೆಂಡತಿಯನ್ನು ಕಳಕೊಂಡಾಗ, ತಮ್ಮವರೇ ಮುಖ ತಿರುಗಿಸಿದಾಗ ಜೊತೆಗೆ ನಿಲ್ಲುವವರು. ಇವತ್ತೂ ಮಿಷನ್ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡೋ ಸಿಸ್ಟರ್, ಸಣ್ಣ ಊರಿನ ಚರ್ಚ್ ನಡೆಸೋ ಪಾದ್ರಿ, ಹಾಸ್ಟೆಲ್ ಮಕ್ಕಳಿಗೆ ಪಾಠ ಹೇಳೋ ಫಾದರ್ ನಮ್ಮ ಸುತ್ತ ಇದ್ದಾರೆ. ಎಲ್ಲರ ಕಷ್ಟವನ್ನೂ ಕೇಳುವ ಇವರನ್ನು ನೀವು ಹೇಗಿದ್ದೀರಿ ಅಂತ ಕೇಳೋರು ಕಡಿಮೆ. ನಂಬಿಕೆ ಇರೋರು ಅವರ ಹೆಸರು ಹಿಡಿದು ಪ್ರಾರ್ಥಿಸಲಿ. ಉಳಿದ ನಾವು ಒಂದು ನಿಮಿಷ ನಿಂತು ಅವರನ್ನು ಮಾತಾಡಿಸೋಣ.

ಮತ್ತೆ, ಲೈಬ್ರರಿಗೆ ಹೋದಾಗ ಕಿಟೆಲ್ ನಿಘಂಟು ಇದ್ದರೆ ಒಮ್ಮೆ ತೆಗೆದು ನಿಮ್ಮ ಊರಿನ ಒಂದು ಪದ ಹುಡುಕಿ ನೋಡಿ.