ಹೃದಯದ ಸ್ವಂತ ರಕ್ತನಾಳಗಳನ್ನು ಗುರುತಿಸಿದ ಇಬ್ನ್ ಅಲ್-ನಫೀಸ್



ರಕ್ತ ಪರಿಚಲನೆ ಎಂದ ಕೂಡಲೇ ನಮಗೆ ನೆನಪಾಗುವುದು ವಿಲಿಯಂ ಹಾರ್ವೆ. ಅವರ ಗ್ರಂಥ ಪ್ರಕಟವಾದದ್ದು 1628ರಲ್ಲಿ. ಅದಕ್ಕೂ ಸುಮಾರು ನಾಲ್ಕು ಶತಮಾನ ಮೊದಲೇ ಹೃದಯದ ಬಗ್ಗೆ ಎರಡು ದೊಡ್ಡ ಸತ್ಯಗಳನ್ನು ಬರೆದಿಟ್ಟ ವೈದ್ಯರ ಜೀವನವನ್ನು ನಾನು ಇಲ್ಲಿ ಪರಿಚಯಿಸುತ್ತಿದ್ದೇನೆ.

ಇಬ್ನ್ ಅಲ್-ನಫೀಸ್ ಸುಮಾರು 1213ರಲ್ಲಿ ದಮಾಸ್ಕಸ್ ಸಮೀಪ ಜನಿಸಿದರು. ಅಲ್ಲಿನ ನೂರಿ ಆಸ್ಪತ್ರೆಯಲ್ಲಿ ವೈದ್ಯಶಾಸ್ತ್ರ ಕಲಿತು, ಮುಂದೆ ಕೈರೋದಲ್ಲಿ ನೆಲೆಸಿದರು. ರೋಗಿಗಳನ್ನು ನೋಡುವುದರ ಜೊತೆಗೆ ಮದರಸಾದಲ್ಲಿ ಧರ್ಮಶಾಸ್ತ್ರವನ್ನೂ ಬೋಧಿಸುತ್ತಿದ್ದರು. 1242ರಲ್ಲಿ ಇಬ್ನ್ ಸೀನಾ ಅವರ ವೈದ್ಯಗ್ರಂಥದ ಅಂಗರಚನೆಯ ಭಾಗಕ್ಕೆ ವ್ಯಾಖ್ಯಾನ ಬರೆದರು.

ಹೃದಯದ ನಡುಗೋಡೆಯಲ್ಲಿರುವ ಕಾಣದ ರಂಧ್ರಗಳ ಮೂಲಕ ರಕ್ತ ಬಲದಿಂದ ಎಡಕ್ಕೆ ದಾಟುತ್ತದೆ ಎಂದು ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿದ್ದರು. ಅಂತಹ ರಂಧ್ರಗಳೇ ಇಲ್ಲ, ರಕ್ತ ಶ್ವಾಸಕೋಶದ ಮೂಲಕ ಸುತ್ತಿ ಬರುತ್ತದೆ ಎಂದು ಇಬ್ನ್ ಅಲ್-ನಫೀಸ್ ಬರೆದರು. ಅವರ ಎರಡನೆಯ ಮಾತು ಇನ್ನೂ ಸೂಕ್ಷ್ಮವಾದದ್ದು. ಹೃದಯಕ್ಕೆ ಪೋಷಣೆ ಸಿಗುವುದು ಅದರ ಕೋಣೆಯಲ್ಲಿ ತುಂಬಿದ ರಕ್ತದಿಂದಲ್ಲ, ಅದರ ಮಾಂಸದೊಳಗೇ ಹರಡಿರುವ ನಾಳಗಳಿಂದ ಎಂದರು.

ಈ ಮಾತು ನನಗೆ ಮುಖ್ಯವಾದದ್ದು ನನ್ನ ದಾದಿಯಿಂದ. ಅವರಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ದೇವರ ಹಿಪ್ಪರಗಿಯ ಬಸ್ ನಿಲ್ದಾಣದಿಂದ ಮನೆಗೆ ನಡೆದರೆ ಎದೆ ಬಿಗಿಯುತ್ತದೆ. ವಿಜಯಪುರದಲ್ಲಿ ಆಂಜಿಯೋಗ್ರಾಂ ಮಾಡಿಸಿದಾಗ ಎಲ್ಲಿಯೂ ಅಡ್ಡಿ ಕಾಣಲಿಲ್ಲ. ಹಾಗಾದರೆ ನೋವು ಸುಳ್ಳೇ? ಅಲ್ಲ. ಆಂಜಿಯೋಗ್ರಾಂನಲ್ಲಿ ಕಾಣುವುದು ದೊಡ್ಡ ನಾಳಗಳು ಮಾತ್ರ. ಕೂದಲೆಳೆಯಂತಹ ಸಣ್ಣ ನಾಳಗಳ ತೊಂದರೆ ಅದರಲ್ಲಿ ಕಾಣುವುದಿಲ್ಲ.

ಇನ್ಸುಲಿನ್ ಸಕ್ಕರೆಯನ್ನು ಜೀವಕೋಶಕ್ಕೆ ಸೇರಿಸುವುದಷ್ಟೇ ಅಲ್ಲ, ರಕ್ತನಾಳದ ಒಳಪದರದಿಂದ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿಸಿ ನಾಳವನ್ನು ಹಿಗ್ಗಿಸುತ್ತದೆ. ದೇಹ ಇನ್ಸುಲಿನ್‌ನ ಮಾತು ಕೇಳದಿರುವುದಕ್ಕೆ ಇನ್ಸುಲಿನ್ ಪ್ರತಿರೋಧ ಎನ್ನುತ್ತಾರೆ. ಆಗ ಈ ಹಿಗ್ಗುವ ಶಕ್ತಿ ಕುಂದುತ್ತದೆ, ನಾಳವನ್ನು ಕುಗ್ಗಿಸುವ ಎಂಡೋಥೀಲಿನ್‌ನ ಕೈ ಮೇಲಾಗುತ್ತದೆ. ನಡೆಯುವಾಗ ಹೃದಯಕ್ಕೆ ಹೆಚ್ಚು ರಕ್ತ ಬೇಕು, ಆದರೆ ಸಣ್ಣ ನಾಳಗಳು ಅಗಲವಾಗುವುದಿಲ್ಲ. ಸಕ್ಕರೆ ಕಾಯಿಲೆ ಪತ್ತೆಯಾಗುವ ಮೊದಲೇ ಈ ಪ್ರತಿರೋಧ ಶುರುವಾಗಿರಬಹುದು. ಸಣ್ಣ ನಾಳಗಳ ಈ ತೊಂದರೆ ಮಹಿಳೆಯರಲ್ಲಿ ಹೆಚ್ಚಾಗಿ ಕಂಡುಬರುತ್ತದೆ.

ಇಬ್ನ್ ಅಲ್-ನಫೀಸ್‌ಗೆ ಇನ್ಸುಲಿನ್ ಗೊತ್ತಿರಲಿಲ್ಲ, ಸೂಕ್ಷ್ಮದರ್ಶಕವೂ ಇರಲಿಲ್ಲ. ಆದರೂ ಹೃದಯಕ್ಕೆ ಅನ್ನ ಎಲ್ಲಿಂದ ಬರುತ್ತದೆ ಎಂಬುದನ್ನು ಸರಿಯಾಗಿ ಕಂಡುಕೊಂಡರು. ಅವರು 1288ರಲ್ಲಿ ಕೈರೋದಲ್ಲಿ ನಿಧನರಾದರು. ತಮ್ಮ ಮನೆಯನ್ನೂ ಗ್ರಂಥಗಳನ್ನೂ ಅಲ್ಲಿನ ಮನ್ಸೂರಿ ಆಸ್ಪತ್ರೆಗೆ ಬಿಟ್ಟುಕೊಟ್ಟಿದ್ದರು. ಜಗತ್ತು ಬಹುಕಾಲ ಅವರ ಶೋಧವನ್ನು ಮರೆತಿತ್ತು. 1924ರಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಈಜಿಪ್ಟಿನ ವೈದ್ಯ ಅಲ್-ತತಾವಿ ಬರ್ಲಿನ್ ಗ್ರಂಥಾಲಯದ ಹಸ್ತಪ್ರತಿಯೊಂದರ ಮೂಲಕ ಅದನ್ನು ಬೆಳಕಿಗೆ ತಂದರು.

ಗೆಳೆಯರೇ, ನಮ್ಮ ಮನೆಯ ಹಿರಿಯರು ಎದೆ ಬಿಗಿಯುತ್ತದೆ ಎಂದರೆ, ವರದಿ ಚೆನ್ನಾಗಿದೆ ಎಂದು ಸುಮ್ಮನಾಗುವುದು ಬೇಡ. ಸಣ್ಣ ನಾಳಗಳ ಬಗ್ಗೆ ವೈದ್ಯರನ್ನು ಕೇಳೋಣ. ಸಕ್ಕರೆ, ರಕ್ತದೊತ್ತಡ ಹತೋಟಿಯಲ್ಲಿಡಲು ನೆರವಾಗೋಣ. ವೈದ್ಯರು ಒಪ್ಪಿದಷ್ಟು ದೂರ ದಿನವೂ ಅವರ ಜೊತೆ ನಡೆಯೋಣ.