ಟಿ. ನಗರದ ‘ಟಿ’ ಯಾರು?

ಚೆನ್ನೈಗೆ ಹೋದವರು ಸೀರೆ ಕೊಳ್ಳಲು ಟಿ. ನಗರಕ್ಕೆ ಹೋಗದೆ ಬರುವುದಿಲ್ಲ. ಆ ‘ಟಿ’ ಎಂದರೆ ಪಿಟ್ಟಿ ತ್ಯಾಗರಾಯ ಚೆಟ್ಟಿ ಎಂಬ ಬಟ್ಟೆ ವ್ಯಾಪಾರಿ ಎಂಬುದು ಎಷ್ಟು ಜನಕ್ಕೆ ಗೊತ್ತೋ! 1852ರಲ್ಲಿ ತೆಲುಗು ಮನೆಮಾತಿನ ದೇವಾಂಗ ನೇಕಾರ ಕುಟುಂಬದಲ್ಲಿ ಹುಟ್ಟಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎ. ಓದಿಯೂ ಮನೆಯ ಕಸುಬಿಗೇ ಮರಳಿದರು. ಲಾಳಿಯನ್ನು ಕೈಯಿಂದ ದೂಡುವ ಬದಲು, ಹಗ್ಗ ಎಳೆದರೆ ಅದು ತಾನೇ ಓಡುವ ಮಗ್ಗವನ್ನು ಬಳಕೆಗೆ ತಂದರು. ಮೆಕ್ಯಾನಿಕಲ್ ವಿದ್ಯಾರ್ಥಿಯಾದ ನನಗೆ ಅವರು ಹಿಡಿಸಿದ್ದು ಇಲ್ಲೇ.

1916ರಲ್ಲಿ ಟಿ.ಎಂ. ನಾಯರ್ ಮೊದಲಾದವರ ಜತೆ ಸೇರಿ ಜಸ್ಟೀಸ್ ಪಕ್ಷ ಕಟ್ಟಿದರು. 1920ರ ಚುನಾವಣೆಯಲ್ಲಿ ಪಕ್ಷ ಗೆದ್ದು, ಗವರ್ನರ್ ಸರ್ಕಾರ ರಚಿಸಲು ಕರೆದರೆ ಒಲ್ಲೆ ಎಂದುಬಿಟ್ಟರು! ರೆಸಾರ್ಟ್ ರಾಜಕೀಯ ನೋಡಿ ಬೆಳೆದ ನಮಗೆ ನಂಬುವುದು ಕಷ್ಟ.

ನನ್ನ ಮಟ್ಟಿಗೆ ದೊಡ್ಡದು ಅದೂ ಅಲ್ಲ. ಅವರು ಮದ್ರಾಸ್ ಕಾರ್ಪೊರೇಷನ್ ಅಧ್ಯಕ್ಷರಾಗಿದ್ದಾಗ, 1920ರಲ್ಲಿ, ಥೌಸಂಡ್ ಲೈಟ್ಸ್ ಬಡಾವಣೆಯ ಶಾಲೆಯ ಬಡಮಕ್ಕಳಿಗೆ ಮಧ್ಯಾಹ್ನದ ತಿಂಡಿ ಕೊಡಲು ತೀರ್ಮಾನವಾಯಿತು. ಮಗುವೊಂದಕ್ಕೆ ದಿನಕ್ಕೆ ಒಂದಾಣೆ ಮೀರಬಾರದೆಂಬ ಲೆಕ್ಕ. ಬಿಸಿಯೂಟ ಉಂಡೇ ಏಳನೇ ತರಗತಿ ಮುಗಿಸಿದ ನನಗೆ ಆ ಒಂದಾಣೆ ಚಿಕ್ಕದಲ್ಲ. ಇನ್ನೂ ಕೆಲವು ಶಾಲೆಗಳಿಗೆ ಹಬ್ಬಿದ ಈ ಯೋಜನೆ, ಬ್ರಿಟಿಷ್ ಸರ್ಕಾರ ಖರ್ಚಿಗೆ ಒಪ್ಪದೆ 1925ರಲ್ಲಿ ನಿಂತಿತು. ಚೆಟ್ಟಿಯವರು ತೀರಿಕೊಂಡದ್ದೂ ಅದೇ ವರ್ಷ.