ಪಂಜೆ ಮಂಗೇಶರಾಯರು

2023ರಲ್ಲಿ ಸ್ಥಾಪಿತವಾದ ಕೊಡಗು ವಿಶ್ವವಿದ್ಯಾನಿಲಯವು 2025ರಲ್ಲಿಯೇ, ಹಣದ ಅಭಾವದ ನೆವದಿಂದ, ಮುಚ್ಚುವ ಪ್ರಸ್ತಾಪಕ್ಕೆ ಗುರಿಯಾದುದನ್ನು ಕಂಡು, ಹಿಂದೆ ಮಡಿಕೇರಿಯ ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರರಾಗಿದ್ದ ಪಂಜೆ ಮಂಗೇಶರಾಯರು ನಮಗೆ ನೆನಪಾಗುತ್ತಾರೆ. 1874ರಲ್ಲಿ ಬಂಟವಾಳದಲ್ಲಿ ಜನಿಸಿದ ಇವರು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಸೇರಿ, ಕಲಿಸುತ್ತಲೇ ತಾವೂ ಕಲಿತು ಬಿ.ಎ., ಎಲ್.ಟಿ. ಪದವಿಗಳನ್ನು ಪಡೆದರು. ಬಳಿಕ ಶಾಲಾ ಇನ್‌ಸ್ಪೆಕ್ಟರರಾದರು. ಟ್ರೈನಿಂಗ್ ಶಾಲೆಯಲ್ಲಿ ಉಪಾಧ್ಯಾಯರನ್ನು ತಯಾರಿಸಿದರು. ಅಧ್ಯಾಪಕರ ವ್ಯಾಸಂಗಕ್ಕೆ ರಜೆಯನ್ನೂ ಸಹಾಯಧನವನ್ನೂ ಕೊಡುವುದು ಬೊಕ್ಕಸಕ್ಕೆ ನಷ್ಟವೆನ್ನುವವರು, ಈ ಒಬ್ಬ ಪಂಡಿತರ ವ್ಯಾಸಂಗದಿಂದ ಎಷ್ಟು ಶಾಲೆಗಳಿಗೆ ಫಲ ದೊರೆಯಿತೆಂದು ಲೆಕ್ಕ ಹಾಕಲೆಂದು ನಮ್ಮ ಬಿನ್ನಹ. ಕೊಡಗಿಗಂತೂ ಹುತ್ತರಿ ಹಾಡೇ ದಕ್ಕಿತು! ರಾಯರು 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ವಹಿಸಿ, 1937ರಲ್ಲಿ ಹೈದರಾಬಾದಿನಲ್ಲಿ ದಿವಂಗತರಾದರು.